ನೀಲವ್ವನ ಒನಕೆಯ ಸದ್ದು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹವಳದುರ್ಗ ಎಂಬ ರಾಜ್ಯವಿತ್ತು. ಅಲ್ಲಿ ಅರಸನ ಮಾತನ್ನು ಡಂಗುರ ಬಾರಿಸಿ ಸಾರುವವನು ಸಿಂಗಯ್ಯ. ಅವನು ಸಾರಿ ಮುಗಿಸಿದ ಕೂಡಲೇ ಪ್ರತಿ ಮನೆಯಲ್ಲೂ ಒರಳಿಗೆ ಒನಕೆಯಿಂದ ಒಂದು ಪೆಟ್ಟು ಹಾಕುತ್ತಿದ್ದರು. ಕೇಳಿದೆವು, ನಂಬಿದೆವು ಎಂದು ಅದರ ಅರ್ಥ. ಮೊದಲ ಪೆಟ್ಟು ಯಾವಾಗಲೂ ಚೌಕದ ಪಕ್ಕದ ಮನೆಯದು. ಅದು ಸಿಂಗಯ್ಯನ ತಂಗಿ ನೀಲವ್ವನ ಮನೆ.

ಒಂದು ವರ್ಷ ಧೂಮಕನೆಂಬ ಮಾಯಾವಿ ಎದುರಿನ ಬೆಟ್ಟದ ಮೇಲೆ ಕೂತು ಮಂಜಿನಿಂದ ಒಂದು ಮೃಗವನ್ನು ಮಾಡಿ ಊರಿಗೆ ಬಿಟ್ಟ. ಅದು ತೆರೆದ ಬಾಗಿಲಲ್ಲಿ ಒಳಗೆ ಬರುತ್ತಿತ್ತು. ಅದು ನೆಕ್ಕಿದವರಿಗೆ ಸುಡುವ ಜ್ವರ.

ಅರಮನೆಯ ವೈದ್ಯೆ ಸಾತಮ್ಮ ಅರಸನಿಗೆ ಹೇಳಿದಳು: "ಊರೆಲ್ಲ ಒಂಬತ್ತು ದಿನ ಬಾಗಿಲು ಹಾಕಿಕೊಂಡರೆ ಮೃಗ ಹಸಿದು ಸಾಯುತ್ತದೆ. ಅದರ ಜೊತೆಗೆ ಮಾಯಾವಿಯೂ ಸಾಯುತ್ತಾನೆ. ಒಂದು ಬಾಗಿಲು ತೆರೆದರೂ ಕೆಲಸ ಕೆಟ್ಟಿತು."

ಅರಸನ ಮಗಳ ಮದುವೆ ಹತ್ತಿರವಿತ್ತು. ಅವನು ಸಿಂಗಯ್ಯನಿಗೆ, "ಜನ ಹೆದರುತ್ತಾರೆ. ಬರೀ ಮಂಜು ಎಂದು ಸಾರು" ಎಂದ. ಸಾತಮ್ಮನ ಮಾತನ್ನು ಸಿಂಗಯ್ಯನೂ ಕೇಳಿದ್ದ. ಆದರೂ ಸಾರಿದ. ನೀಲವ್ವನ ಒನಕೆ ಸದ್ದು ಮಾಡಿತು, ಹಿಂದೆಯೇ ಊರಿನದೆಲ್ಲ.

ಹೆಣಗಳು ಬಿದ್ದವು. ಅರಸ ಎರಡನೆಯ ಸಲ, "ಕಾಯಿಲೆ ಹೊಳೆಯ ಆಚೆ ಮಾತ್ರ ಇದೆ ಎಂದು ಸಾರು" ಎಂದ. ಈ ಸಲ ಒನಕೆಗಳು ಅರ್ಧಕ್ಕರ್ಧ ಸುಮ್ಮನಿದ್ದವು. ನೀಲವ್ವ ಓಡಿಬಂದಳು.

"ಅಣ್ಣಾ, ಖರೇ ಹೇಳು. ಮನ್ಯಾಗ ಕೂಸು ಐತಿ."

"ಅರಮನಿ ಮಾತು ಸುಳ್ಳಾಗತೈತೇನು? ಆರಾಮ ಇರು" ಎಂದ ಸಿಂಗಯ್ಯ. ಅವಳ ಮುಖ ನೋಡಲಿಲ್ಲ.

ಮೂರನೆಯ ಸಲ, "ಅರಸರು ಮೃಗವನ್ನು ಕೊಂದರು" ಎಂದು ಸಾರಿದ. ಮೊದಲ ಪೆಟ್ಟು ಬರಲಿಲ್ಲ. ಡಂಗುರ ಎಸೆದು ಓಡಿದ. ನೀಲವ್ವ ಚಾಪೆಯ ಮೇಲೆ ಸುಡುತ್ತಿದ್ದಳು.

"ನೀ ಹೇಳಿದಿ ಅಂತ ಬಾಗಲಾ ತಗದಿದ್ದೆ ಅಣ್ಣಾ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮರುದಿನ ಅವಳು ತೀರಿಹೋದಳು. ಕೂಸು ಉಳಿಯಿತು.

ಅಷ್ಟರಲ್ಲಿ ಮದುವೆ ಮನೆಗೇ ಜ್ವರ ಹೊಕ್ಕಿತು. ಅರಸ, "ನಿಜ ಸಾರು" ಎಂದ. ಸಿಂಗಯ್ಯ ಗಂಟಲು ಹರಿಯುವಂತೆ ಸಾರಿದ. ಒಂದು ಒನಕೆಯೂ ಏಳಲಿಲ್ಲ. "ನಿನ್ನೆ ಸತ್ತಿತ್ತಲ್ಲೋ ಸಿಂಗ್ಯಾ, ಇವತ್ತ ಹೆಂಗ ಎದ್ದು ಬಂತು?" ಎಂದ ಕುಂಬಾರ ಚನ್ನವೀರಜ್ಜ. ಬಾಗಿಲುಗಳು ತೆರೆದೇ ಇದ್ದವು.

"ಡಂಗುರದಿಂದ ಇನ್ನ ಆಗೂದಿಲ್ಲ ದೊರೀ. ನೀವ ಬರಬೇಕು" ಎಂದ ಸಿಂಗಯ್ಯ.

ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿ ಮನೆಮನೆಗೆ ನಡೆದರು. "ಮೂರು ಸಲವೂ ಸುಳ್ಳು ಹೇಳಿಸಿದವನು ನಾನು" ಎಂದ ಅರಸ. "ಗೊತ್ತಿದ್ದೂ ಸಾರಿದವ ನಾನು. ನನ್ನ ತಂಗಿ ನನ್ನ ನಂಬಿ ಸತ್ತಳು" ಎಂದ ಸಿಂಗಯ್ಯ. ಕೆಲವರು ಶಪಿಸಿದರು, ಒಬ್ಬಳು ಬೂದಿನೀರು ಎರಚಿದಳು. ಇಬ್ಬರೂ ನಿಂತು ಕೇಳಿಸಿಕೊಂಡರು. ಒಂದೊಂದೇ ಬಾಗಿಲು ಮುಚ್ಚಿತು, ಚನ್ನವೀರಜ್ಜನದು ಎಲ್ಲಕ್ಕಿಂತ ಕೊನೆಗೆ.

ಒಂಬತ್ತು ದಿನ ಮೃಗ ಬೀದಿಬೀದಿ ಮೂಸಿತು, ತೆಳುವಾಯಿತು, ಗಂಜಿಯ ಹಬೆಯಂತೆ ಆರಿಹೋಯಿತು. ಬೆಟ್ಟದ ಮೇಲೆ ಧೂಮಕ ಒಂದು ಹಿಡಿ ಬೂದಿಯಾದ. ರಾಜಕುಮಾರಿಯ ಮದುವೆ ನಡೆಯಿತು, ಜನ ಪಾಯಸ ಉಂಡು ನೂರು ಕಾಲ ಸುಖವಾಗಿ ಬಾಳಿದರು.

ಆದರೆ ಅಂದಿನಿಂದ ಡಂಗುರ ನಿಂತ ಮೇಲೆ ಯಾರೂ ತಕ್ಷಣ ಒನಕೆ ಎತ್ತುತ್ತಿರಲಿಲ್ಲ. ಒಂದು ಪೆಟ್ಟಿನಷ್ಟು ಹೊತ್ತು ಊರೇ ಸುಮ್ಮನಿರುತ್ತಿತ್ತು. ಆಗ ಸಿಂಗಯ್ಯ ತಂಗಿಯ ಕೂಸನ್ನು ಎತ್ತಿಕೊಂಡು ಚೌಕದ ಪಕ್ಕದ ಮನೆಯ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದ.