ಸತ್ತ ಮೇಲೊಂದು ನಗು

ಪರದೆಯ ಮೇಲೆ ನಾನೂರು ಸೈನಿಕರು ಕೋಟೆಗೋಡೆಯಿಂದ ಉರುಳಿ ಬಿದ್ದರು. ಒಬ್ಬನ ಸಾವಿನಂತೆ ಇನ್ನೊಬ್ಬನದಿರಲಿಲ್ಲ. ಒಬ್ಬ ಗಾಳಿಯನ್ನೇ ಹಿಡಿಯಲು ಹೋದ, ಇನ್ನೊಬ್ಬ ಬಿದ್ದಲ್ಲೇ ಮಣ್ಣು ಸವರಿದ. ಪರೀಕ್ಷಾ ಪ್ರದರ್ಶನ ನೋಡಲು ಬಂದಿದ್ದ ನಿರ್ಮಾಪಕ ಗುಣಶೇಖರ್ ಕುರ್ಚಿಯ ತುದಿಗೆ ಸರಿದು ಕೂತಿದ್ದರು. ಆಗಲೇ ಆಗಬಾರದ್ದು ಆಯಿತು. ಸತ್ತವರು ಒಬ್ಬೊಬ್ಬರಾಗಿ ತಲೆ ಎತ್ತಿ, ನೋಡುವವರ ಕಡೆ ತಿರುಗಿ ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ಅವನು ಬಿದ್ದಲ್ಲೇ ಇದ್ದ.

ಕ್ಯಾಮೆರಾ ಮುಂದೆ ಮನುಷ್ಯರು ನಿಲ್ಲುವುದು ತಪ್ಪಿ ಆಗ ಹದಿನೈದು ವರ್ಷವಾಗಿತ್ತು. ಕೋಟಿಗಟ್ಟಲೆ ಸುರಿದ ಹೊಡೆದಾಟದ ಚಿತ್ರಗಳು ಗಣಕದಲ್ಲೇ ಹುಟ್ಟುತ್ತಿದ್ದವು. ಮೇಲೆ ಥಳಕು, ಒಳಗೆ ಹುಳುಕು. ಪರದೆಯಲ್ಲಿ ಊರಿಗೆ ಊರೇ ಉರಿದರೂ ಒಬ್ಬರ ಕರುಳೂ ಚುರ್ ಎನ್ನುತ್ತಿರಲಿಲ್ಲ. ಅದಕ್ಕೇ ವಿಜ್ಞಾನಿ ಡಾ. ಪದ್ಮರೇಖಾ ‘ನಟನಕೋಶ’ ಎಂಬ ಯಂತ್ರ ಕಟ್ಟಿದ್ದರು. ಅದು ಹಳೆಯ ಚಿತ್ರಗಳನ್ನೂ, ಅವುಗಳಲ್ಲಿ ಸೇರದೆ ಉಳಿದ ತುಣುಕುಗಳನ್ನೂ ಓದಿ, ಅಭಿನಯವನ್ನು ಎಳೆ ಎಳೆಯಾಗಿ ಬಿಡಿಸಿ ಹೊಸ ಮೈಗಳಿಗೆ ತುಂಬುತ್ತಿತ್ತು. ಈ ಎಳೆಗಳಿಗೆ ಅವರು ‘ಭಾವತಂತು’ ಎಂದು ಹೆಸರಿಟ್ಟಿದ್ದರು. ಸಾಯುವ ಭಾವತಂತುಗಳೆಲ್ಲ ಫೈಟರ್ ತುಕಾರಾಮನವು. ಇನ್ನೂರು ಚಿತ್ರಗಳಲ್ಲಿ ಸತ್ತವನು, ಒಂದರಲ್ಲೂ ಹೆಸರು ಹಾಕಿಸಿಕೊಳ್ಳದವನು.

ಈ ನಗು ಎಲ್ಲಿಂದ ಬಂತೆಂದು ಪದ್ಮರೇಖಾ ಅವರಿಗೆ ಬಗೆಹರಿಯಲಿಲ್ಲ. ಕೊನೆಗೆ ತುಕಾರಾಮನ ಹೆಂಡತಿ ರತ್ನಾಬಾಯಿಯನ್ನು ಕರೆಸಿ, ಆ ದೃಶ್ಯ ತೋರಿಸಿ ಕೇಳಿದರು.

“ಇದಾ ಮೇಡಂ? ಇದು ಶಾಸ್ತ್ರ,” ಎಂದರು ರತ್ನಾಬಾಯಿ. “ಸಾಯೋ ಪಾರ್ಟು ಮುಗಿದ ಮೇಲೆ ಕ್ಯಾಮೆರಾ ನೋಡಿ ಒಂದು ಸಲ ನಗಬೇಕು. ಇಲ್ಲಾಂದ್ರೆ ಆ ಸಾವು ಮೈಗೆ ಅಂಟ್ಕೊಳ್ಳುತ್ತೆ ಅಂತಿದ್ರು. ಆ ನಗೂನ ಸಿನಿಮಾದಲ್ಲಿ ಹಾಕ್ತಿರಲಿಲ್ಲ. ಊಟದ ಡಬ್ಬಿ ಕೊಡೋಕೆ ಹೋದಾಗ ನಾನೇ ಎಷ್ಟೋ ಸಲ ನೋಡಿದೀನಿ.”

ಪದ್ಮರೇಖಾ ಅವರಿಗೆ ಹಾಯೆನಿಸಿತು. ನಗುವೂ ಸಾವಿನ ಭಾಗವೇ ಎಂದು ಯಂತ್ರ ಕಲಿತುಬಿಟ್ಟಿದೆ, ಅಷ್ಟೆ. “ಹಾಗಾದರೆ ಈ ಒಬ್ಬರು ಯಾಕಮ್ಮ ನಗಲಿಲ್ಲ?” ಎಂದು ಬೆರಳು ತೋರಿಸಿದರು.

ರತ್ನಾಬಾಯಿ ಎದ್ದು ಪರದೆಯ ಹತ್ತಿರ ಹೋದರು. ಮೈ ಯಾರದೋ, ಮುಖ ಯಾರದೋ. ಆದರೆ ಬೀಳುವಾಗ ಎಡಗೈ ಅಲ್ಲಿಲ್ಲದ ಹಗ್ಗಕ್ಕಾಗಿ ಎರಡು ಸಲ ತಡಕಾಡಿತ್ತು.

“ಇದು ಕಲ್ಲುಗಣಿ ಶಾಟು,” ಎಂದರು. “ಅವರ ಹಗ್ಗ ಕಿತ್ತುಹೋಯ್ತಲ್ಲ, ಅವತ್ತಿನದು. ಡಬ್ಬಿ ಹಿಡ್ಕೊಂಡು ನಾನೂ ಅಲ್ಲೇ ಇದ್ದೆ.”

ಅವರು ಅಲ್ಲೇ ನೆಲದ ಮೇಲೆ ಕೂತು ಅತ್ತರು. ಪದ್ಮರೇಖಾ ನೀರು ತಂದುಕೊಟ್ಟರು.

“ಇಪ್ಪತ್ತೆರಡು ವರ್ಷ ಆಯ್ತು. ಸತ್ತರು ಅನ್ನೋದಕ್ಕಿಂತ ನಗಲಿಲ್ಲವಲ್ಲ ಅನ್ನೋದೇ ನನ್ನ ತಿಂತಾ ಇದೆ. ಅವರಿಗೆ ಆ ಶಾಟು ಇನ್ನೂ ಮುಗಿದಿಲ್ಲ ಅನ್ಸುತ್ತೆ. ಇದನ್ನ ತೆಗೆದುಬಿಡು ತಾಯಿ. ಆಗಲ್ಲ ಅಂದ್ರೆ ಒಂದೇ ಒಂದು ಸಲ ನಗಿಸು.”

ಪದ್ಮರೇಖಾ ಮಾತು ಕೊಟ್ಟರು. ಆದರೆ ಗುಣಶೇಖರ್ ಒಪ್ಪಬೇಕಲ್ಲ. “ಆ ನಗುಗಳನ್ನೆಲ್ಲ ಕತ್ತರಿಸಿ. ನಗದೇ ಇರೋನ ಸಾವನ್ನ ನಾಯಕನ ಅಣ್ಣನಿಗೆ ಹಾಕಿ, ಕ್ಲೈಮ್ಯಾಕ್ಸಿಗೆ. ಇಂಥ ಆ್ಯಕ್ಟಿಂಗ್ ಎಲ್ಲಿ ಸಿಗುತ್ತೆ?” ಎಂದರು ಅವರು.

“ಅದು ಆ್ಯಕ್ಟಿಂಗ್ ಅಲ್ಲ ಸರ್.”

“ಜನಕ್ಕೆ ಹೇಗೆ ಗೊತ್ತಾಗುತ್ತೆ?”

ಯಂತ್ರ ಪದ್ಮರೇಖಾ ಅವರದು, ಚಿತ್ರ ಗುಣಶೇಖರ್ ಅವರದು. ಹೆಚ್ಚು ವಾದಿಸುವ ಧೈರ್ಯ ಪದ್ಮರೇಖಾ ಅವರಿಗೆ ಬರಲಿಲ್ಲ. ಕೊಟ್ಟ ಮಾತಿನಲ್ಲಿ ಅರ್ಧವನ್ನಾದರೂ ಉಳಿಸಿಕೊಳ್ಳೋಣವೆಂದು, ತುಕಾರಾಮನ ಹಳೆಯ ನಗುಗಳಿಂದ ಒಂದು ನಗು ನೇಯಿಸಿ, ಚಿತ್ರದ ಕೊನೆಯಲ್ಲಿ ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ ಅಣ್ಣನ ಮುಖಕ್ಕೆ ಸೇರಿಸಿದರು.

ಚಿತ್ರ ಭರ್ಜರಿಯಾಗಿ ಓಡಿತು. ದುಬಾರಿ ಹೊಡೆದಾಟದ ಚಿತ್ರದಲ್ಲಿ ಒಳ್ಳೆಯ ಅಭಿನಯವೇ ಇರದೆಂದು ಮೂಗು ಮುರಿದಿದ್ದ ವಿಮರ್ಶಕರು, ಆ ಅಣ್ಣನ ಸಾವನ್ನು ನೋಡಿ ಬನ್ನಿ ಎಂದು ಬರೆದರು.

ಪದ್ಮರೇಖಾ ರತ್ನಾಬಾಯಿಯನ್ನು ಬೆಳಗಿನ ಆಟಕ್ಕೆ ಕರೆದುಕೊಂಡು ಹೋದರು. ಅಣ್ಣ ಬಿದ್ದಾಗ ಇಡೀ ಥಿಯೇಟರ್ ಬಿಕ್ಕಿತು. ಆಮೇಲೆ ಚಪ್ಪಾಳೆ ಬಿತ್ತು. ರತ್ನಾಬಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಹೆಸರುಗಳು ಉರುಳತೊಡಗಿದಂತೆ ಜನ ಎದ್ದು ಹೋದರು, ಕಸ ಗುಡಿಸುವವರು ಒಳಬಂದರು. ಆಗ ಪರದೆಯ ಮೇಲೆ ಸತ್ತವನು ತಲೆ ಎತ್ತಿ ನಕ್ಕ.

ಪದ್ಮರೇಖಾ ಆಸೆಯಿಂದ ಪಕ್ಕಕ್ಕೆ ನೋಡಿದರು.

“ಚೆನ್ನಾಗಿ ಮಾಡಿದೆ ಮೇಡಂ ನಿಮ್ಮ ಮಿಷನ್ನು,” ಎಂದರು ರತ್ನಾಬಾಯಿ ಮೆಲ್ಲಗೆ. “ಆದ್ರೆ ನಗುವಾಗ ಅವರು ಪಾರ್ಟು ಮಾಡ್ತಿರಲಿಲ್ಲ. ಸಾಯೋದಷ್ಟೇ ಪಾರ್ಟು. ನೀವು ಅದನ್ನ ತಿರುವುಮುರುವು ಮಾಡಿಬಿಟ್ರಿ.”

ಹೊರಗೆ ಮುಂದಿನ ಆಟಕ್ಕೆ ಜನ ಸೇರುತ್ತಿದ್ದ ಸದ್ದು ಕೇಳುತ್ತಿತ್ತು.

“ದಿನಕ್ಕೆ ಎಷ್ಟು ಆಟ?” ಎಂದು ಕೇಳಿದರು ರತ್ನಾಬಾಯಿ.

“ಐದು.”

“ಇಲ್ಲಿ ಮಾತ್ರಾನಾ?”

“ಇಲ್ಲಮ್ಮ. ಎಲ್ಲಾ ಊರಲ್ಲೂ.”

ರತ್ನಾಬಾಯಿ ಖಾಲಿ ಪರದೆಯನ್ನೇ ನೋಡುತ್ತಾ ಕೂತರು.

“ಹಾಗಾದ್ರೆ ಈಗಲೂ ಎಲ್ಲೋ ಬೀಳ್ತಾ ಇರ್ತಾರೆ,” ಎಂದರು.