ಅಲಮಾರು ಪದದ ಚೀಟಿ

"ಈ ಪದದ ಮೂಲ ನಿಮಗೆ ಯಾರು ಹೇಳಿದ್ದು?"

ನಿಘಂಟು ಕಚೇರಿಯ ಪರಿಶೀಲಕ ಚೀಟಿಯನ್ನು ಎತ್ತಿ ಹಿಡಿದು ಕೇಳಿದ. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಬಟ್ಟೆಬರೆ ಇಡುವ ಅಲಮಾರು ಅಚ್ಚ ಕನ್ನಡದ ಪದವೆಂದು ಅವಳು ಬರೆದಿದ್ದಳು. ಯಾರೂ ಹೇಳಿರಲಿಲ್ಲ. ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಮಾತು ಹೊರಗಿನದು ಹೇಗಾದೀತು ಎಂಬ ಧೈರ್ಯ ಅಷ್ಟೇ.

ಹುಡುಕಿಕೊಂಡು ಬನ್ನಿ ಎಂದು ಅವನು ಚೀಟಿ ಹಿಂದಿರುಗಿಸಿದ. ಎಲ್ಲರೆದುರು ಅವಳ ಮುಖ ಕೆಂಪಾಯಿತು. ಏನು ಜಂಬ ಇವನಿಗೆ...

ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಅವಳ ಚೀಟಿಗಳೆಲ್ಲ ಕೆಂಪು ಗೀಟು ಹೊತ್ತು ಹಿಂದೆ ಬರುತ್ತಿದ್ದವು. ಪ್ರತಿ ಸಲವೂ ಅವನ ಮೇಜಿನ ಬಳಿ ಹೋಗಿ ಜಗಳವಾಡುತ್ತಿದ್ದಳು. ಆ ಜಗಳಕ್ಕಾಗಿಯೇ ಬೆಳಿಗ್ಗೆ ಬೇಗ ಬರತೊಡಗಿದ್ದು ಯಾವಾಗಿನಿಂದ ಎಂದು ಅವಳಿಗೇ ತಿಳಿಯಲಿಲ್ಲ.

ಮೂರನೇ ತಿಂಗಳಲ್ಲಿ ಅಲಮಾರಿನ ಮೂಲ ಸಿಕ್ಕಿತು. ಪೋರ್ಚುಗೀಸರ 'ಅರ್ಮಾರಿಯು' ನಮ್ಮವರ ಬಾಯಲ್ಲಿ ಅಲಮಾರು ಆಗಿತ್ತು. ಅದರ ಬೇರು ಲ್ಯಾಟಿನ್‌ನಲ್ಲಿ, ಆಯುಧ, ಸಲಕರಣೆ ಎಂಬ ಅರ್ಥದ ಪದದಲ್ಲಿತ್ತು. ಅಜ್ಜಿ ಬಟ್ಟೆ ಮಡಿಸಿಡುವ ಜಾಗದಲ್ಲಿ ಕತ್ತಿ ಗುರಾಣಿ! ಅವಳಿಗೆ ನಗು ತಡೆಯಲಾಗಲಿಲ್ಲ.

ಹೊಸ ಚೀಟಿ ಬರೆದು ಅವನ ಟ್ರೇಗೆ ಹಾಕಿದಳು. ಅದು ಹಿಂದೆ ಬರಲಿಲ್ಲ. ಆಮೇಲಿನ ನಲವತ್ತು ಚೀಟಿಗಳೂ ಬರಲಿಲ್ಲ. ಅವನು ತಲೆ ಎತ್ತಿ ನೋಡುವುದನ್ನೂ ಬಿಟ್ಟ.

ಅವಳ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂದು ಮುಖ್ಯಸ್ಥರು ತಿಳಿಸುವ ದಿನ ಬಂತು. ತನ್ನ ಚೀಟಿಗಳು ತಿದ್ದಲೂ ಲಾಯಕ್ಕಿಲ್ಲದೆ ಕಸದ ಬುಟ್ಟಿ ಸೇರಿವೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಇನ್ನು ಈ ಕೆಲಸವೂ ಇಲ್ಲ, ಅವನೂ ಇಲ್ಲ... ಕಣ್ಣು ತುಂಬಿ ಬಂತು. ರಾಜೀನಾಮೆ ಬರೆದು ಅವನ ಮುಂದಿಟ್ಟಳು.

ಓದಿ ಅವನು ಕಕ್ಕಾಬಿಕ್ಕಿಯಾದ. ಸರಿಯಿದ್ದ ಚೀಟಿ ಅಲ್ಲಿ ಹಿಂದೆ ಬರುವುದಿಲ್ಲ, ನೇರ ಅಚ್ಚಿಗೆ ಹೋಗುತ್ತದೆ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅದುವರೆಗೆ ಅವಳದೊಂದೂ ಪಾಸಾಗಿರಲಿಲ್ಲವಾದ್ದರಿಂದ ತಿಳಿಯುವ ಸಂದರ್ಭವೂ ಬಂದಿರಲಿಲ್ಲ. ಅವನು ಅಚ್ಚಿನ ಕರಡು ತೆಗೆದು ತೋರಿಸಿದ. ನಲವತ್ತೊಂದು ಪದಗಳೂ ಅಲ್ಲಿದ್ದವು. ಅವಳ ಕಾಯಂ ನೇಮಕಕ್ಕೆ ಮುಖ್ಯಸ್ಥರು ಬೆಳಿಗ್ಗೆಯೇ ಸಹಿ ಹಾಕಿದ್ದಾರೆ ಎಂದೂ ಹೇಳಿದ.

ಅವಳಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಕುಸಿದು ಕೂತು, ಅಳುತ್ತಲೇ ನಕ್ಕಳು.

"ಮತ್ತೆ ನನ್ನ ಮುಖ ಯಾಕೆ ನೋಡ್ತಿರ್ಲಿಲ್ಲ?"

"ನಿಮ್ಮ ಚೀಟಿಲಿ ತಪ್ಪೇ ಸಿಗ್ತಿರ್ಲಿಲ್ಲ. ನಿಮ್ಮನ್ನ ಕರೆಯೋಕೆ ನೆಪ ಹುಡುಕ್ತಾ ಕೂತಿದ್ದೆ." ಅವನು ತಡವರಿಸಿದ. "ನೀವು ಜಗಳಕ್ಕೆ ಬರದೆ ಇದ್ರೆ ನನಗೆ ದಿನಾನೇ ಕಳೆಯಲ್ಲ. ನನಗೆ ನೀವಂದ್ರೆ... ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡಳು.

"ನೆಪ ಯಾಕೆ ಬೇಕು? ಸುಮ್ನೆ ಕರೀರಿ, ಬರ್ತೀನಿ."