ಚಾರ್ಟಿಗಿಂತ ಒಂದು ಗೇಣು ಮುಂದೆ

“ನನ್ನ ಸೆನ್ಸರ್ ಮಸುಕಂತೆ! ಹಾಗಂತ ಬರೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

ಲ್ಯಾಬಿನ ಬಾಗಿಲು ತಳ್ಳಿಕೊಂಡೇ ಕೇಳಿದೆ. ಲೆನ್ಸ್ ಒರೆಸುತ್ತಿದ್ದವನು ತಲೆ ಎತ್ತಿದ. ನಮ್ಮ ಕ್ಯಾಮೆರಾ ಕಂಪನಿಯಲ್ಲಿ ಪರೀಕ್ಷೆ ಅವನ ಕೆಲಸ, ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ ನನ್ನದು. ಮೀಡಿಯಂ ಫಾರ್ಮ್ಯಾಟ್ ಎಂಬ ನಮ್ಮ ದೊಡ್ಡ ಕ್ಯಾಮೆರಾಗೆ ಇನ್ನು ಮುಂದೆ ಚಿಕ್ಕ ಸೆನ್ಸರೇ ಸಾಕು ಎಂದು ಬಾಸ್ ಆಗಲೇ ಅರ್ಧ ಮನಸ್ಸು ಮಾಡಿದ್ದರು. ದೊಡ್ಡದರ ಪರ ನಾನೊಬ್ಬಳೇ. ಬೆಂಕಿಪೊಟ್ಟಣದಷ್ಟಿರುವ ಅದಕ್ಕೆ ಮೂರು ವರ್ಷ ಸುರಿದಿದ್ದೆ. “ಅದನ್ನೇ ಕಟ್ಕೊಂಬಿಡು” ಎಂದು ಅತ್ತಿಗೆ ರೇಗಿಸುತ್ತಿದ್ದಳು. ಈಗ ಇವನ ವರದಿ ನೋಡಿ ನಾಲ್ಕು ಗಂಟೆಯ ಮೀಟಿಂಗಿನಲ್ಲಿ ಅದಕ್ಕೆ ಎಳ್ಳುನೀರು ಬಿಡುವುದೊಂದೇ ಬಾಕಿ.

“ಕಂಡಿದ್ದನ್ನೇ ಬರೆದೆ ಮೇಡಂ. ಮೂವತ್ತು ಫೋಟೋದಲ್ಲೂ ಟೆಸ್ಟ್ ಚಾರ್ಟಿನ ಗೆರೆ ಮಸುಕು. ಚಿಕ್ಕದರಲ್ಲಿ ಎಲ್ಲಾ ನೆಟ್ಟಗಿದೆ.”

“ತೆಗೀರಿ, ನಾನೇ ನೋಡ್ತೀನಿ.”

ಇದ್ದ ಒಂದೇ ಕುರ್ಚಿಯನ್ನು ನನಗೆ ಬಿಟ್ಟು ಹಿಂದೆ ನಿಂತ. ಕಿಟಕಿಯ ಪರದೆಯಿಂದ ಸೋಸಿ ಬಂದ ಮಧ್ಯಾಹ್ನದ ಬೆಳಕು ಮೇಜಿನ ಮೇಲೆ ಮೆಲ್ಲಗೆ ಹರಡಿತ್ತು.

ಫೋಟೋಗಳಲ್ಲಿ ನಾನೂ ಇದ್ದೆ. ಚರ್ಮದ ಬಣ್ಣ ಸರಿಯಾಗಿ ಬರುತ್ತದೋ ಎಂದು ನೋಡಲು ಚಾರ್ಟಿನ ಮುಂದೆ ಯಾರಾದರೂ ನಿಲ್ಲಬೇಕು. ಎರಡು ವಾರ ದಿನಾ ನಾನೇ ನಿಂತಿದ್ದೆ. ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ ಎಂಬುದು ಬೇರೆ ಮಾತು. ಚಾರ್ಟ್ ನಿಜಕ್ಕೂ ಮಸುಕಾಗಿತ್ತು. ಸುಮ್ಮನೆ ಮೌಸ್ ಜಾರಿಸಿ ನನ್ನ ಮುಖದತ್ತ ಬಂದೆ.

ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಕಣ್ಣಿನೊಳಗೆ ಪುಟ್ಟ ಕಿಟಕಿ, ಅದರ ಪಕ್ಕ ಕ್ಯಾಮೆರಾಗೆ ಬಾಗಿ ನಿಂತ ಅವನು.

ಮುಂದಿನದು ತೆರೆದೆ. ಅದರ ಮುಂದಿನದು. ಎಲ್ಲದರಲ್ಲೂ ಹಾಗೇ.

ಈ ಮಾದರಿಗೆ ಇನ್ನೂ ಆಟೋಫೋಕಸ್ ಇಲ್ಲ, ಕೈಯಲ್ಲೇ ರಿಂಗ್ ತಿರುಗಿಸಬೇಕು. ಸೆನ್ಸರ್ ದೊಡ್ಡದಾದಷ್ಟೂ ಫೋಕಸ್ ಹಿಡಿದ ಜಾಗವಷ್ಟೇ ಸ್ಪಷ್ಟ. ಒಂದು ಗೇಣು ಹಿಂದಿರುವುದೂ ಕರಗಿಹೋಗುತ್ತದೆ. ಚಿಕ್ಕದು ನನ್ನನ್ನೂ ಚಾರ್ಟನ್ನೂ ಒಟ್ಟಿಗೇ ಸ್ಪಷ್ಟವಾಗಿ ತೋರಿಸಿ ಗುಟ್ಟು ಮುಚ್ಚಿಟ್ಟಿತ್ತು.

“ಫೋಕಸ್ ಎಲ್ಲಿಗೆ ಹಿಡಿದ್ರಿ?”

ಅವನ ಕಿವಿ ಕೆಂಪಾಯಿತು. “ಚಾರ್ಟಿಗೆ ಅಂತಲೇ ಅಂದ್ಕೊಂಡಿದ್ದೆ.”

“ಮೂವತ್ತು ಸಲಾನೂ?”

“ರಿಂಗ್ ತಿರುಗಿಸ್ತಾ ತಿರುಗಿಸ್ತಾ ಎಲ್ಲಿ ಚೆನ್ನಾಗಿ ಕಾಣುತ್ತೋ ಅಲ್ಲಿ ನಿಲ್ಲಿಸ್ತೀವಲ್ವಾ ಮೇಡಂ? ಅಲ್ಲೇ ನಿಲ್ಲಿಸಿದೆ.”

ಬೈಯಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು. ನಾಲ್ಕಕ್ಕೆ ಹತ್ತೇ ನಿಮಿಷವಿತ್ತು. ಮತ್ತೆ ಫೋಟೋ ತೆಗೆಯಲು ಸಮಯವಿರಲಿಲ್ಲ.

“ತೋರಿಸೋಕೆ ಇದೊಂದೇ ಪುರಾವೆ,” ಎಂದೆ. “ಆದ್ರೆ ಎಲ್ಲರಿಗೂ ಗೊತ್ತಾಗುತ್ತೆ. ನಿಮ್ಮ ಕೆಲಸಕ್ಕೇ ಕುತ್ತು ಬರಬಹುದು. ಬೇಡ ಬಿಡಿ.”

ಅವನು ಲ್ಯಾಪ್‌ಟಾಪ್ ಎತ್ತಿಕೊಂಡ.

ಮೀಟಿಂಗ್ ಕೋಣೆಯ ಗೋಡೆಯ ತುಂಬ ನನ್ನ ಕಣ್ಣು. ಹನ್ನೆರಡು ಜನರ ನಡುವೆ ಎತ್ತ ಮುಖ ಮಾಡಲಿ ತಿಳಿಯಲಿಲ್ಲ.

“ಸೆನ್ಸರ್‌ದು ತಪ್ಪಿಲ್ಲ ಸರ್, ತಪ್ಪು ನಂದು,” ಎಂದ. “ಚಾರ್ಟ್ ನೋಡ್ಬೇಕಿತ್ತು. ಇವರನ್ನ ನೋಡಿದೆ.”

ಬಾಸ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಒಂದರಲ್ಲಾದ್ರೂ ಚಾರ್ಟ್ ನೋಡ್ಲಿಲ್ವೇನಯ್ಯಾ?”

“ಇಲ್ಲ ಸರ್.”

ಯಾರೋ ಕಿಸಕ್ಕನೆ ನಕ್ಕರು. ಬಾಸ್ ಗೋಡೆಯನ್ನೇ ಬಹಳ ಹೊತ್ತು ನೋಡಿದರು. “ಇಷ್ಟು ಚೆನ್ನಾಗಿ ಬರುತ್ತೆ ಅಂದ್ರೆ ದೊಡ್ಡದನ್ನ ಕೈಬಿಡೋದು ಬೇಡ. ಪರೀಕ್ಷೆ ಮತ್ತೆ ಆಗ್ಲಿ. ಈ ಸಲ ಚಾರ್ಟಿನ ಮುಂದೆ ಬೇರೆ ಯಾರಾದ್ರೂ ನಿಂತ್ಕೊಳ್ಳಿ.”

“ಆಗ್ಲಿ ಸರ್,” ಎಂದೆ. ಎದ್ದು ನಿಂತೆ. “ನಾನು ಕ್ಯಾಮೆರಾ ಹಿಂದೆ ನಿಂತ್ಕೋತೀನಿ. ಇವರ ಪಕ್ಕದಲ್ಲಿ.”

ಅವನು ತಿರುಗಿದ. ಕ್ಯಾಮೆರಾದ ನೆಪವಿಲ್ಲದೆ, ಅಷ್ಟೂ ಜನರ ಎದುರು ನನ್ನನ್ನೇ ನೋಡುತ್ತ ನಿಂತ.